ಸ್ವಚ್ಛತಾ ಘಟಕಕ್ಕೆ ಒಂದೇ ಕೆಲಸವೋ, ಹಲವು ಕೆಲಸಗಳೋ?



ರಾಜ್ಯದ ಅನೇಕ ಗ್ರಾಮ ಪಂಚಾಯತಿಗಳಲ್ಲಿ ಮನೆಮನೆ ಕಸ ಸಂಗ್ರಹಣೆ ಹಾಗೂ ಒಣ ತ್ಯಾಜ್ಯ ವಿಂಗಡಣೆಯ ಕಾರ್ಯವನ್ನು ಸಂಜೀವಿನಿ ಒಕ್ಕೂಟದ ಮಹಿಳೆಯರು ಒಡಂಬಡಿಕೆಯ ಮೇರೆಗೆ ನಿರ್ವಹಿಸುತ್ತಿದ್ದಾರೆ. ಸ್ವಚ್ಛ ವಾಹಿನಿಯ ಚಾಲಕಿ ಮತ್ತು ಸಹಾಯಕಿಯರು ಸೇರಿ ನಾಲ್ಕೈದು ಮಂದಿಯಿರುವ ಈ ಘಟಕವನ್ನು ನಾವು ಹಾಗೆಂದು ಕರೆಯದಿದ್ದರೂ ಅದೊಂದು ಸಣ್ಣ ಉದ್ದಿಮೆಯೇ ಆಗಿದೆ. ಅದಕ್ಕೆ ಆದಾಯ, ವೆಚ್ಚ, ಗಿರಾಕಿ, ನಷ್ಟ ಎಲ್ಲವೂ ಇವೆ. ಆದುದರಿಂದ ಉದ್ದಿಮೆಗಳಿಗೆ ಎದುರಾಗುವ ಹಳೆಯ ಪ್ರಶ್ನೆಯೊಂದು ಇದಕ್ಕೂ ಎದುರಾಗುತ್ತದೆ: ಒಂದೇ ಸೇವೆಯಲ್ಲಿ ನೈಪುಣ್ಯ ಪಡೆದು ಅದರಲ್ಲಿಯೇ ನಿಲ್ಲಬೇಕೇ, ಅಥವಾ ಬಂದ ಕೆಲಸಗಳನ್ನೆಲ್ಲ ಒಪ್ಪಿಕೊಂಡು ಬೆಳೆಯಬೇಕೇ?

ಈ ಪ್ರಶ್ನೆಯು ನಮ್ಮ ಸಾಮಾನ್ಯ ಸಭೆಗೆ ಒಡಂಬಡಿಕೆಯ ನವೀಕರಣದ ರೂಪದಲ್ಲಿ ಬಂದಿತು. ಬೆಳಗಿನ ಸುತ್ತು ಹನ್ನೊಂದೂವರೆಗೆ ಮುಗಿಯುತ್ತದೆ, ಮಧ್ಯಾಹ್ನ ವಾಹನ ಸುಮ್ಮನೆ ನಿಂತಿರುತ್ತದೆ, ಈಗಿನ ಗೌರವಧನದಲ್ಲಿ ಮನೆ ನಡೆಯುವುದಿಲ್ಲ ಎಂಬುದು ಒಕ್ಕೂಟದ ಅಹವಾಲಾಗಿತ್ತು. ಕಲ್ಯಾಣ ಮಂಟಪದ ಶುಚೀಕರಣ, ಶಾಲಾ ಶೌಚಾಲಯಗಳು, ನೀರಿನ ಟ್ಯಾಂಕುಗಳು, ಹಬ್ಬದ ಮುನ್ನ ಮನೆ ತೊಳೆಯುವುದು ಹೀಗೆ ಬೇಡಿಕೆಗಳ ಪಟ್ಟಿ ಉದ್ದವಿತ್ತು. ಇಂಜಿನಿಯರಿಂಗ್ ಓದಿದವನಿಗೆ ನಿಂತ ಯಂತ್ರವನ್ನು ಕಂಡರೆ ಸಹನೆಯಿರುವುದಿಲ್ಲ. ಎಲ್ಲವನ್ನೂ ಒಪ್ಪಿಕೊಳ್ಳಿರೆಂದು ಸಲಹೆ ನೀಡಿದವನು ನಾನೇ.

ಫಲಿತಾಂಶವು ಮದುವೆಯ ತಿಂಗಳುಗಳಲ್ಲಿ ಕಾಣಿಸಿತು. ಮಂಟಪದ ಕೆಲಸವು ರಾತ್ರಿ ತಡವಾಗಿ ಮುಗಿಯುತ್ತಿದ್ದುದರಿಂದ ಮರುದಿನದ ಸುತ್ತು ತಡವಾಗತೊಡಗಿತು. ಕೊನೆಯ ವಾರ್ಡನ್ನು ತಲುಪುವ ಹೊತ್ತಿಗೆ ಜನರು ಹೊಲಕ್ಕೆ ಹೋಗಿರುತ್ತಿದ್ದರು, ಕಸವು ಮತ್ತೆ ಚರಂಡಿಯ ಅಂಚಿಗೆ ಬೀಳತೊಡಗಿತು. ಗಾಡಿ ಬಾರದಿದ್ದ ಮೇಲೆ ಶುಲ್ಕವೇಕೆ ಎಂಬ ಮಾತು ಕೇಳಿಬಂದಿತು.

ಇದನ್ನು ಒಂದು ಉದಾಹರಣೆಯ ಲೆಕ್ಕದಿಂದ ನೋಡಬಹುದು. ಮಂಟಪದವರು ಒಂದು ಸಮಾರಂಭಕ್ಕೆ ₹1,800 ನೀಡುತ್ತಾರೆಂದು ಭಾವಿಸೋಣ. ನಾಲ್ವರಿಗೆ ತಲಾ ₹300ರಂತೆ ಕೂಲಿ ₹1,200. ಫಿನಾಯಿಲ್, ಪೊರಕೆ, ಕೈಗವಸು, ಡೀಸೆಲ್ ಸೇರಿ ₹350. ಘಟಕಕ್ಕೆ ಉಳಿಯುವುದು ₹250. ತಿಂಗಳಿಗೆ ಆರು ಸಮಾರಂಭಗಳಾದರೆ ₹1,500. ಇನ್ನೊಂದು ಕಡೆ, ಗಾಡಿ ತಪ್ಪಿದ ವಾರ್ಡಿನಲ್ಲಿ 150 ಮನೆಗಳಿದ್ದು, ತಿಂಗಳ ಶುಲ್ಕ ₹30 ಎಂದಿಟ್ಟುಕೊಳ್ಳಿ. ಅವರಲ್ಲಿ ಮೂರನೆಯ ಒಂದು ಭಾಗ, ಅಂದರೆ 50 ಮನೆಗಳು ಶುಲ್ಕ ನಿಲ್ಲಿಸಿದರೆ ನಷ್ಟವೂ ₹1,500. ರಾತ್ರಿಯೆಲ್ಲ ದುಡಿದದ್ದು ಹಗಲಿನಲ್ಲಿ ಕೈತಪ್ಪಿದಂತಾಯಿತು. ಕೂಲಿ ದೊರೆಯಿತೆಂಬುದು ನಿಜ, ಆದರೆ ಶುಲ್ಕ ನೀಡುವ ಅಭ್ಯಾಸವನ್ನು ಒಮ್ಮೆ ಕಳೆದುಕೊಂಡ ಮನೆಯನ್ನು ಮತ್ತೆ ಒಪ್ಪಿಸುವುದು ಎಷ್ಟು ಕಷ್ಟವೆಂಬುದನ್ನು ಸದಸ್ಯರಿಗೆ ನಾನು ತಿಳಿಸಬೇಕಾಗಿಲ್ಲ.

ಹಾಗಾದರೆ ಒಂದೇ ಕೆಲಸ ಸಾಕೆಂದು ತೀರ್ಮಾನಿಸಬಹುದೇ? ಅದರಲ್ಲಿಯೂ ಅಪಾಯವಿದೆ. ಒಂದೇ ಸೇವೆಯೆಂದರೆ ಬಹುಮಟ್ಟಿಗೆ ಒಬ್ಬನೇ ಗಿರಾಕಿ, ಆ ಗಿರಾಕಿ ಗ್ರಾಮ ಪಂಚಾಯತಿಯೇ. ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಪಂಚಾಯತಿಯಲ್ಲಿ ಘಟಕದ ಬಿಲ್ಲು ಮೂರು ತಿಂಗಳು ಬಾಕಿ ಉಳಿದಿತ್ತು. ಸಹಾಯಕಿಯರು ಒಬ್ಬೊಬ್ಬರಾಗಿ ಕೂಲಿ ಕೆಲಸಕ್ಕೆ ಮರಳಿದರು. ಕೊನೆಗೆ ಹಣ ಬಿಡುಗಡೆಯಾದಾಗ ಗಾಡಿ ಇತ್ತು, ಚಾಲಕಿ ಇರಲಿಲ್ಲ. ಒಣ ತ್ಯಾಜ್ಯದ ಮಾರಾಟವನ್ನು ನಂಬಿಕೊಂಡರೂ ಅಷ್ಟೇ, ಗುಜರಿಯ ದರವು ನಮ್ಮ ಕೈಯಲ್ಲಿಲ್ಲ.

ಆದುದರಿಂದ ಎಷ್ಟು ಕೆಲಸಗಳು ಎಂಬುದಕ್ಕಿಂತ ಎಂತಹ ಕೆಲಸಗಳು ಎಂದು ಕೇಳುವುದು ಉಚಿತ. ಈಗಿರುವ ವಾಹನ, ದಾರಿ, ವೇಳೆ ಮತ್ತು ಕೌಶಲಕ್ಕೆ ಹೊಂದುವ ಸೇವೆಯು ಘಟಕವನ್ನು ಬಲಪಡಿಸುತ್ತದೆ. ಬೇರೆ ಉಪಕರಣ, ಬೇರೆ ವೇಳೆ, ಬೇರೆ ತರಬೇತಿ ಬೇಡುವ ಸೇವೆಯು ಹೆಸರಿಗೆ ಅದೇ ಸ್ವಚ್ಛತೆಯಾದರೂ ವಾಸ್ತವದಲ್ಲಿ ಎರಡನೆಯ ಉದ್ದಿಮೆ. ಕಲ್ಯಾಣ ಮಂಟಪವನ್ನೇ ನೋಡಿ. ಅದನ್ನು ಗುಡಿಸಿ ತೊಳೆಯುವುದು ಹೊಸ ಕೆಲಸ. ಅಲ್ಲಿನ ಬಾಳೆಎಲೆ, ಉಳಿದ ಅನ್ನ, ಪ್ಲಾಸ್ಟಿಕ್ ಲೋಟಗಳನ್ನು ವಿಂಗಡಿಸಿದ ರೂಪದಲ್ಲಿ ಮರುದಿನದ ಸುತ್ತು ಮುಗಿದ ನಂತರ ಶುಲ್ಕ ಪಡೆದು ಒಯ್ಯುವುದು ತಿಳಿದಿರುವ ಕೆಲಸದ ವಿಸ್ತರಣೆ. ಹೋಟೆಲು, ಕೋಳಿ ಅಂಗಡಿ, ಸಂತೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ವಿಂಗಡಿಸಿದ ಒಣ ತ್ಯಾಜ್ಯವನ್ನು ಒತ್ತಿ ಕಟ್ಟುವ ಯಂತ್ರವನ್ನು ಪ್ರತಿಯೊಂದು ಘಟಕವೂ ಕೊಳ್ಳಬೇಕಾಗಿಲ್ಲ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿರುವಂತೆ ಹಲವು ಪಂಚಾಯತಿಗಳ ಒಣ ತ್ಯಾಜ್ಯವನ್ನು ಒಂದೆಡೆ ಸಂಸ್ಕರಿಸುವ ಎಂ.ಆರ್.ಎಫ್. ಘಟಕಗಳು ಆ ಹೊರೆಯನ್ನು ಹೊರುತ್ತವೆ.

ಶಾಲೆ, ಅಂಗನವಾಡಿಗಳ ಶೌಚಾಲಯ ಶುಚೀಕರಣವು ತಿಂಗಳು ತಿಂಗಳು ಬರುವ ಸ್ಥಿರ ಆದಾಯ, ಮಕ್ಕಳಿಗೂ ಅಗತ್ಯ. ಆದರೆ ಅದಕ್ಕೆ ಪ್ರತ್ಯೇಕ ತಂಡ, ಪ್ರತ್ಯೇಕ ಬ್ರಷ್ಷು, ಬಕೆಟ್ಟು, ಗಮ್‌ಬೂಟು ಇರಲೇಬೇಕು. ಬೆಳಿಗ್ಗೆ ಶೌಚಾಲಯದಲ್ಲಿ ಬಳಸಿದ ಬೂಟು ಮಧ್ಯಾಹ್ನ ಕುಡಿಯುವ ನೀರಿನ ಟ್ಯಾಂಕಿಗೆ ಇಳಿದರೆ, ನಾವು ಶುಚಿಗೊಳಿಸಿದ ಟ್ಯಾಂಕೇ ಊರಿಗೆ ವಾಂತಿಭೇದಿಯನ್ನು ಹಂಚುತ್ತದೆ. ಶೌಚಾಲಯದ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಎಂದಿಗೂ ಬೆರೆಸಬಾರದು. ಬೆರೆಸಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ, ಕಿಟಕಿಯಿಲ್ಲದ ಶೌಚಾಲಯದಲ್ಲಿ ಅದು ಶ್ವಾಸಕೋಶಕ್ಕೆ ಮಾರಕ. ಎರಡನ್ನೂ ಒಟ್ಟಿಗೆ ಹಾಕಿದರೆ ಬೇಗ ಬೆಳ್ಳಗಾಗುತ್ತದೆ ಎಂಬ ನಂಬಿಕೆಯನ್ನು ನಾನು ನಮ್ಮಲ್ಲಿಯೇ ಕೇಳಿದ್ದೇನೆ.

ಇನ್ನು ಸೆಪ್ಟಿಕ್ ಟ್ಯಾಂಕಿನ ವಿಷಯ. ಮಂಟಪದ ಕೆಲಸ ನಡೆಯುತ್ತಿದ್ದಾಗಲೇ ಅಲ್ಲಿಂದ ಒಂದು ಕೋರಿಕೆ ಬಂದಿತ್ತು: ಗುಂಡಿ ತುಂಬಿದೆ, ಹೇಗೂ ಗಾಡಿ ಇದೆ, ಮುಚ್ಚಳ ತೆಗೆದು ನಾಲ್ಕು ಬಕೆಟ್ ಎತ್ತಿಬಿಡಿ, ₹5,000 ಕೊಡುತ್ತೇವೆ. ಇಪ್ಪತ್ತು ಮದುವೆಗಳ ಉಳಿತಾಯಕ್ಕೆ ಸಮನಾದ ಮೊತ್ತ. ಚಾಲಕಿಯು ನನಗೆ ದೂರವಾಣಿ ಮಾಡಿ, "ಸರ್, ಮಾಡಬಹುದಾ?" ಎಂದು ಕೇಳಿದರು. ಕೇಳದೆಯೇ ಮಾಡಿದ್ದರೆ ಏನಾಗುತ್ತಿತ್ತೆಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅಂತಹ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಸೇರಿಕೊಂಡಿರುತ್ತದೆ. ಅದರ ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ಸತ್ತು, ವಾಸನೆ ಹೋಯಿತೆಂದು ಭಾವಿಸಿ ಇಳಿದವರು ಮೇಲೆ ಬರುವುದಿಲ್ಲ. ಅವರನ್ನು ಎತ್ತಲು ಇಳಿದವರೂ ಬರುವುದಿಲ್ಲ.

ಮ್ಯಾನುಯೆಲ್ ಸ್ಕ್ಯಾವೆಂಜರ್ ನಿಷೇಧ ಮತ್ತು ಪುನರ್ವಸತಿಗೆ ಸಂಬಂಧಿಸಿದ 2013ರ ಅಧಿನಿಯಮದ 7ನೇ ಪ್ರಕರಣದಂತೆ, ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚೀಕರಣಕ್ಕೆ ಯಾವುದೇ ವ್ಯಕ್ತಿಯಾಗಲಿ, ಸ್ಥಳೀಯ ಪ್ರಾಧಿಕಾರವಾಗಲಿ ಯಾರನ್ನೂ ನೇರವಾಗಿ ಅಥವಾ ಪರೋಕ್ಷವಾಗಿ ನಿಯೋಜಿಸುವಂತಿಲ್ಲ. ಮೊದಲ ಉಲ್ಲಂಘನೆಗೆ 2 ವರ್ಷಗಳವರೆಗೆ ಸೆರೆವಾಸ, ಅಥವಾ ₹2 ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಒಳಚರಂಡಿ ಸಾವಿನ ಪ್ರಕರಣಗಳಲ್ಲಿ ಪರಿಹಾರದ ಮೊತ್ತವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್‌ನಲ್ಲಿ ₹30 ಲಕ್ಷಕ್ಕೆ ಏರಿಸಿದೆ. ಇಂತಹ ಕೋರಿಕೆ ಬಂದಾಗ ಸಕ್ಕಿಂಗ್ ಯಂತ್ರದ ವಾಹನದವರನ್ನು ಕರೆಸುವಂತೆ ತಿಳಿಸುವುದೊಂದೇ ದಾರಿ.

ಸಭೆಗಳಲ್ಲಿ ಸಾಮಾನ್ಯವಾಗಿ ಹೇಳದ ಮಾತೊಂದಿದೆ. ಸೇವೆಗಳ ಪಟ್ಟಿ ಉದ್ದವಾದಂತೆ, ಕೊಳಕು ಕೆಲಸವು ಸಂಘದ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಶೌಚಾಲಯದ ಕೆಲಸ ಬಂದಾಗ ಯಾವ ಕೇರಿಯ, ಯಾವ ಇಬ್ಬರ ಹೆಸರು ಮೊದಲು ಕೇಳಿಬರುತ್ತದೆ ಎಂಬುದನ್ನು ಸದಸ್ಯರು ಬಲ್ಲರು. ಆದುದರಿಂದ ಯಾವುದೇ ಹೊಸ ಸೇವೆಗೆ ಅನುಮೋದನೆ ನೀಡುವ ಮುನ್ನ ಕೆಲಸದ ಸರದಿ ಪಟ್ಟಿಯನ್ನು ಕೇಳಿ ಪಡೆಯತಕ್ಕದ್ದು. ಪಟ್ಟಿಯಲ್ಲಿ ಅದೇ ಎರಡು ಹೆಸರುಗಳು ಪುನರಾವರ್ತನೆಯಾಗಿದ್ದರೆ ಸೇವೆಯನ್ನು ತಡೆಹಿಡಿಯುವುದೇ ಸರಿ.

ನಮ್ಮ ನವೀಕೃತ ಒಡಂಬಡಿಕೆಯಲ್ಲಿ ಬೆಳಗಿನ ಸುತ್ತಿನ ವೇಳೆಯನ್ನು ನಮೂದಿಸಿ, ಆ ಅವಧಿಯಲ್ಲಿ ಬೇರೆ ಕೆಲಸವನ್ನು ನಿಷೇಧಿಸಲಾಗಿದೆ. ಪಂಚಾಯತಿಯು ಪ್ರತಿ ತಿಂಗಳ 10ನೇ ತಾರೀಖಿನೊಳಗೆ ಹಣ ಪಾವತಿಸಬೇಕೆಂಬ ಷರತ್ತನ್ನೂ ಸೇರಿಸಲಾಗಿದೆ. ಅದನ್ನು ಸೇರಿಸಿದ್ದು ಒಕ್ಕೂಟದ ಒತ್ತಾಯದಿಂದ. ಪ್ರತಿ ಸೇವೆಗೂ ಪ್ರತ್ಯೇಕ ಲೆಕ್ಕದ ಪುಸ್ತಕವಿದ್ದು, ಮೂರು ತಿಂಗಳು ಸತತವಾಗಿ ಉಳಿತಾಯ ತೋರಿಸದ ಸೇವೆಯನ್ನು ಕೈಬಿಡಲಾಗುತ್ತದೆ. ಶಾಲೆಗಳ ಕೆಲಸವನ್ನು ಸರದಿಯ ಮೇಲೆ ಆರಂಭಿಸಲಾಗಿದೆ. ನೀರಿನ ಟ್ಯಾಂಕುಗಳ ವಿಷಯವು ಇನ್ನೂ ತೀರ್ಮಾನವಾಗಿಲ್ಲ: ಸುರಕ್ಷತಾ ಬೆಲ್ಟು, ಹಗ್ಗ, ಪ್ರತ್ಯೇಕ ಬೂಟುಗಳ ದರಪಟ್ಟಿಯನ್ನು ತರಿಸಿಕೊಂಡಿದ್ದು, ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಲಾಗುವುದು.