ಬೀಗ ಸಡಿಲಾದ ಖಾತೆ ಪುಸ್ತಕ: ಹಳೆಯ ಗಣಕಯಂತ್ರ ಮತ್ತು ವರ್ತಕರ ಹೊಣೆ

ದೀಪಾವಳಿಯಂದು ಖಾತೆ ಪುಸ್ತಕಕ್ಕೆ ಪೂಜೆ ಸಲ್ಲಿಸಿ ಹೊಸ ಲೆಕ್ಕ ಆರಂಭಿಸುವುದು ವರ್ತಕ ಸಮುದಾಯದಲ್ಲಿ ತಲೆಮಾರುಗಳಿಂದ ನಡೆದುಬಂದ ಸಂಪ್ರದಾಯ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿಯ ದಲಾಲಿ ಅಂಗಡಿ, ಎಣ್ಣೆ ಗಿರಣಿ, ಬೀಜ-ಗೊಬ್ಬರದ ಮಳಿಗೆಗಳಲ್ಲಿ ಇಂದು ಕುಂಕುಮ ಹಚ್ಚಿಸಿಕೊಳ್ಳುವುದು ಕೆಂಪು ರಟ್ಟಿನ ಪುಸ್ತಕವಷ್ಟೇ ಅಲ್ಲ, ಪಕ್ಕದ ಗಣಕಯಂತ್ರವೂ ಹೌದು. 2025ರ ಬಲಿಪಾಡ್ಯಮಿ ಅಕ್ಟೋಬರ್ 22ರಂದು ಬಂದಿತ್ತು. ಅದಕ್ಕೆ ಎಂಟು ದಿನ ಮೊದಲು, ಅಕ್ಟೋಬರ್ 14ರಂದು, ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಸುರಕ್ಷತಾ ಪರಿಷ್ಕರಣೆಗಳನ್ನು ಮೈಕ್ರೋಸಾಫ್ಟ್ ಸಂಸ್ಥೆ ನಿಲ್ಲಿಸಿತು. ಅಂಗಡಿಯ ಬಾಗಿಲಿಗೆ ಪ್ರತಿ ರಾತ್ರಿ ಎರಡು ಬೀಗ ಹಾಕುವ ವರ್ತಕರು, ಲೆಕ್ಕವಿರುವ ಯಂತ್ರದ ಬೀಗ ಸಡಿಲಾಗಿರುವುದನ್ನು ಗಮನಿಸಿದ್ದಾರೆಯೇ ಎಂಬುದು ಈಗಿನ ಪ್ರಶ್ನೆ.

ತಂತ್ರಾಂಶದ ದೌರ್ಬಲ್ಯ ಎಂದರೇನು?

ಗಣಕವನ್ನು ನಡೆಸುವ ಮೂಲ ತಂತ್ರಾಂಶವಾದ ಆಪರೇಟಿಂಗ್ ಸಿಸ್ಟಂ ಕೋಟ್ಯಂತರ ಸಾಲುಗಳ ಸೂಚನೆಗಳಿಂದ ರಚಿತವಾಗಿರುತ್ತದೆ. ಬರೆಯುವವರು ಮನುಷ್ಯರೇ ಆದ್ದರಿಂದ ಅದರಲ್ಲಿ ತಪ್ಪುಗಳು ಉಳಿಯುವುದು ಸಹಜ. ಆ ತಪ್ಪುಗಳಲ್ಲಿ ಕೆಲವು ಹೊರಗಿನವರಿಗೆ ಒಳನುಗ್ಗಲು ದಾರಿಯಾಗುತ್ತವೆ. ಅಂಥ ದಾರಿ ಪತ್ತೆಯಾದಾಗ ತಯಾರಕರು ಅದನ್ನು ಮುಚ್ಚುವ ತೇಪೆಯನ್ನು ಬಿಡುಗಡೆ ಮಾಡುತ್ತಾರೆ. ಮೈಕ್ರೋಸಾಫ್ಟ್ ಸಂಸ್ಥೆ ಪ್ರತಿ ತಿಂಗಳ ಎರಡನೆಯ ಮಂಗಳವಾರ ಇಂಥ ತೇಪೆಗಳನ್ನು ನೀಡುತ್ತದೆ.

ಇಲ್ಲಿ ಬಹುಮಂದಿಯ ಗಮನಕ್ಕೆ ಬಾರದ ಅಂಶವೊಂದಿದೆ. ತೇಪೆ ಹೊರಬಂದೊಡನೆ, ರಂಧ್ರ ಎಲ್ಲಿತ್ತೆಂಬುದು ಕಳ್ಳರಿಗೂ ತಿಳಿಯುತ್ತದೆ. ಅವರು ತೇಪೆಯನ್ನು ಬಿಡಿಸಿ ನೋಡಿ, ಅದನ್ನು ಹಾಕಿಕೊಳ್ಳದವರನ್ನು ಹುಡುಕಲಾರಂಭಿಸುತ್ತಾರೆ. ಹೊಸ ಆವೃತ್ತಿಗೆ ಸಿಕ್ಕ ತೇಪೆ ಹಳೆಯ ಆವೃತ್ತಿಯ ಅದೇ ರಂಧ್ರವನ್ನು ತೋರಿಸಿಕೊಡುವುದೂ ಉಂಟು. ಆದುದರಿಂದ ಬೆಂಬಲ ನಿಂತ ಯಂತ್ರ ಇದ್ದಷ್ಟೇ ಸುರಕ್ಷಿತವಾಗಿ ಉಳಿಯುವುದಿಲ್ಲ. ತಿಂಗಳಿಂದ ತಿಂಗಳಿಗೆ ಅದರ ಅಪಾಯ ಹೆಚ್ಚುತ್ತದೆ.

59 ದಿನಗಳ ಅಲಕ್ಷ್ಯ

2017ರ ಮಾರ್ಚ್ 14ರಂದು ವಿಂಡೋಸ್‌ನ ಗಂಭೀರ ದೌರ್ಬಲ್ಯವೊಂದಕ್ಕೆ ತೇಪೆ ಬಿಡುಗಡೆಯಾಯಿತು. ಅದಾದ 59 ದಿನಗಳ ನಂತರ, ಮೇ 12ರಂದು, ಅದೇ ದೌರ್ಬಲ್ಯವನ್ನು ಬಳಸಿಕೊಂಡು ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳ ಕಡತಗಳು ಗೂಢಲಿಪಿಗೆ ಪರಿವರ್ತಿತವಾಗಿ, ಬಿಡಿಸಿಕೊಡಲು 300 ಡಾಲರ್, ಅಂದರೆ ಅಂದಿನ ದರದಲ್ಲಿ ಸುಮಾರು 19 ಸಾವಿರ ರೂಪಾಯಿಗಳ ಒತ್ತೆಹಣದ ಬೇಡಿಕೆ ಪರದೆಯ ಮೇಲೆ ಮೂಡಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು.

ಇದು ದೊಡ್ಡವರ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ರಾಜ್ಯದ ಗಡಿಗೆ ಹೊಂದಿದ ಕೇರಳದ ವಯನಾಡ್ ಜಿಲ್ಲೆಯಲ್ಲಿ ತರಿಯೋಡ್ ಗ್ರಾಮ ಪಂಚಾಯಿತಿಯ ಗಣಕಗಳೂ ಇದೇ ದಾಳಿಗೆ ತುತ್ತಾದವು. ಇಂಥ ಕುತಂತ್ರಾಂಶ ಊರಿನ ಗಾತ್ರವನ್ನಾಗಲಿ ವಹಿವಾಟಿನ ಮೊತ್ತವನ್ನಾಗಲಿ ನೋಡಿ ಬರುವುದಿಲ್ಲ; ತೆರೆದ ಬಾಗಿಲು ಕಂಡಲ್ಲಿ ತಾನಾಗಿ ನುಗ್ಗುತ್ತದೆ.

ಅದೇ ವರ್ಷದ ಜೂನ್ 27ರ ನಾಟ್‌ಪೆಟ್ಯಾ ದಾಳಿ ಲೆಕ್ಕಪತ್ರ ಇಡುವವರಿಗೆ ಇನ್ನೂ ಹತ್ತಿರದ್ದು. ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ತಂತ್ರಾಂಶವೊಂದರ ಪರಿಷ್ಕರಣೆಯೊಳಗೇ ಕುತಂತ್ರಾಂಶವನ್ನು ಸೇರಿಸಲಾಗಿತ್ತು. ಅಲ್ಲಿಂದ ಅದು ಮೇರ್ಸ್ಕ್ ಹಡಗು ಸಂಸ್ಥೆಯ ಗಣಕಜಾಲಕ್ಕೆ ಹರಡಿ, ಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್‌ನ ಕೆಲಸವನ್ನು ಸ್ಥಗಿತಗೊಳಿಸಿತು.

ಬ್ಯಾಂಕಿನಲ್ಲೂ ಸರ್ಕಾರದಲ್ಲೂ

2024ರ ಜುಲೈ ಕೊನೆಯಲ್ಲಿ ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆ ಒತ್ತೆಹಣದ ದಾಳಿಗೆ ಒಳಗಾಯಿತು. ಮುನ್ನೆಚ್ಚರಿಕೆಯಾಗಿ ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯ ಸಂಪರ್ಕವನ್ನು ಕಡಿತಗೊಳಿಸಿದ್ದರಿಂದ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಮತ್ತಿತರ ಪಾವತಿ ಸೇವೆಗಳು ಕೆಲಕಾಲ ದೊರೆಯಲಿಲ್ಲ. ಅದಕ್ಕೂ ಮೊದಲು, 2019ರಲ್ಲಿ, ಕರ್ನಾಟಕ ಸರ್ಕಾರದ ಇ-ಸಂಗ್ರಹಣಾ ವ್ಯವಸ್ಥೆಗೆ ಅಕ್ರಮವಾಗಿ ನುಗ್ಗಿದವರು ಟೆಂಡರುದಾರರ ಮುಂಗಡ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿಗಳನ್ನು ಬೇರೆ ಖಾತೆಗಳಿಗೆ ವರ್ಗಾಯಿಸಿಕೊಂಡಿದ್ದರು. ನಾವು ಕಾಣದ ಯಂತ್ರಗಳಲ್ಲೂ ರಂಧ್ರಗಳಿರುತ್ತವೆ. ಅವನ್ನು ಮುಚ್ಚುವುದು ವರ್ತಕರ ಕೈಯಲ್ಲಿಲ್ಲ. ಆದರೆ ಬ್ಯಾಂಕ್ ಖಾತೆಯ ವಿವರವನ್ನು ದಿನವೂ ತಾಳೆ ನೋಡುವುದು ಅವರ ಕೈಯಲ್ಲಿದೆ.

ಕಿಸೆಯಲ್ಲಿರುವ ಗಣಕ

ಮೊಬೈಲ್ ಕೂಡ ಗಣಕವೇ. ಬ್ಯಾಂಕಿನ ಆ್ಯಪ್, ಒಟಿಪಿ, ಜಿಎಸ್‌ಟಿ ಸಂದೇಶಗಳೆಲ್ಲವೂ ಇಂದು ಒಂದೇ ಫೋನಿನಲ್ಲಿವೆ. 2015ರಲ್ಲಿ ಬೆಳಕಿಗೆ ಬಂದ ಸ್ಟೇಜ್‌ಫ್ರೈಟ್ ಎಂಬ ಆಂಡ್ರಾಯ್ಡ್ ದೌರ್ಬಲ್ಯದಿಂದ, ಬಳಕೆದಾರ ಏನನ್ನೂ ಒತ್ತದಿದ್ದರೂ ಕೇವಲ ಒಂದು ವಿಡಿಯೊ ಸಂದೇಶದ ಮೂಲಕ ಫೋನಿನೊಳಗೆ ನುಗ್ಗುವುದು ಸಾಧ್ಯವಾಗಿತ್ತು. ಪ್ರತಿ ಫೋನಿಗೂ ತಯಾರಕರು ಕೆಲವೇ ವರ್ಷ ಪರಿಷ್ಕರಣೆ ನೀಡುತ್ತಾರೆ. ಅನಂತರ ಫೋನು ಕೆಲಸ ಮಾಡುತ್ತಲೇ ಇರುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ.

ಇದಕ್ಕಿಂತ ಸುಲಭದ ದಾರಿಯೂ ಕಳ್ಳರಿಗೆ ಗೊತ್ತು. ಮದುವೆ ಆಮಂತ್ರಣ, ವಾಹನದ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಬರುವ ಎಪಿಕೆ ಕಡತಗಳ ಬಗ್ಗೆ 2024ರಿಂದೀಚೆಗೆ ಹಲವು ರಾಜ್ಯಗಳ ಪೊಲೀಸರು ಎಚ್ಚರಿಸಿದ್ದಾರೆ. ಅಂಥ ಕಡತವನ್ನು ಸ್ಥಾಪಿಸಿಕೊಂಡರೆ ಒಟಿಪಿಯನ್ನು ಯಾರಿಗೂ ಹೇಳದಿದ್ದರೂ ಅದು ಹೊರಗೆ ಹೋಗುತ್ತದೆ. ಆಮಂತ್ರಣ ಪತ್ರಿಕೆ ಚಿತ್ರವಾಗಿ ಬರಬಹುದು, ಪಿಡಿಎಫ್ ಆಗಿ ಬರಬಹುದು. ಎಪಿಕೆ ಆಗಿ ಬರುವ ಕಾರಣವೇ ಇಲ್ಲ.

ಲೆಕ್ಕದ ದೃಷ್ಟಿಯಿಂದ

2017ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲಿ ಗಣಕಗಳ ಸವಕಳಿ ದರವನ್ನು ಶೇ. 60ರಿಂದ ಶೇ. 40ಕ್ಕೆ ಇಳಿಸಲಾಯಿತು. ಈ ದರದಲ್ಲಿಯೂ 50,000 ರೂಪಾಯಿಗಳ ಗಣಕ ಐದು ವರ್ಷಗಳ ನಂತರ ಪುಸ್ತಕದಲ್ಲಿ 3,888 ರೂಪಾಯಿಗೆ ಇಳಿದಿರುತ್ತದೆ. ಆದರೆ ಅದೇ ಯಂತ್ರದಲ್ಲಿ ರೈತರಿಗೆ ಕೊಟ್ಟ ಮುಂಗಡ, ಗಿರಾಕಿಗಳ ಉದ್ದರಿ, ದಾವಣಗೆರೆ-ಹುಬ್ಬಳ್ಳಿಯ ಖರೀದಿದಾರರಿಂದ ಬರಬೇಕಾದ ಬಾಕಿ, ಎಲ್ಲವೂ ಇರುತ್ತವೆ. 3,888 ರೂಪಾಯಿಗಳ ಆಸ್ತಿ ಲಕ್ಷಗಟ್ಟಲೆ ಬಾಕಿಗೆ ಏಕೈಕ ಸಾಕ್ಷಿಯಾಗಿ ಕುಳಿತಿರುತ್ತದೆ. ಆಸ್ತಿ-ಹೊಣೆ ಪಟ್ಟಿಯ ಯಾವ ಸಾಲಿನಲ್ಲೂ ಈ ಅಪಾಯ ಕಾಣಿಸುವುದಿಲ್ಲ.

ಕಾನೂನಿನ ಹೊಣೆಯೂ ಇದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. 2022-23ರ ಲೆಕ್ಕ 2029ರ ಡಿಸೆಂಬರ್ 31ರವರೆಗೆ ಕೈಗೆ ಸಿಗುವಂತಿರಬೇಕು. ಗಣಕದಲ್ಲಿಟ್ಟ ದಾಖಲೆಗಳಿಗೆ ಪ್ರತಿ ಇರಬೇಕು, ನಾಶವಾದರೆ ಸಕಾಲದಲ್ಲಿ ಮರಳಿ ಪಡೆಯುವಂತಿರಬೇಕು ಎಂದು 57ನೇ ನಿಯಮ ವಿಧಿಸುತ್ತದೆ. ಅಧಿಕಾರಿ ದಾಖಲೆ ಕೇಳಿದಾಗ ಗಣಕ ಕೆಟ್ಟಿತೆಂಬ ಉತ್ತರದಿಂದ ಈ ಹೊಣೆ ತೀರುವುದಿಲ್ಲ.

ಒಂದು ನ್ಯಾಯವಾದ ಆಕ್ಷೇಪ

ಪರಿಷ್ಕರಣೆ ಮಾಡಿದರೆ ಮುದ್ರಣಯಂತ್ರ ನಿಲ್ಲುತ್ತದೆ, ಲೆಕ್ಕದ ತಂತ್ರಾಂಶ ತಕರಾರು ಮಾಡುತ್ತದೆ ಎಂಬ ದೂರು ಅಂಗಡಿಗಳಲ್ಲಿ ಸಾಮಾನ್ಯ. ಅದು ಸುಳ್ಳಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ಪರಿಷ್ಕರಣೆಯೊಂದರಿಂದ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಸ್ತಬ್ಧಗೊಂಡು, ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ನೀಡಬೇಕಾಯಿತು. ಆದರೆ ಇದಕ್ಕೆ ಪರಿಹಾರ ಪರಿಷ್ಕರಣೆಯನ್ನು ಬಿಡುವುದಲ್ಲ, ಅದಕ್ಕೆ ಮುನ್ನ ಲೆಕ್ಕದ ಪ್ರತಿ ತೆಗೆದಿಡುವುದು. ಜಿಎಸ್‌ಟಿ ರಿಟರ್ನಿನ 11 ಮತ್ತು 20ನೇ ತಾರೀಖುಗಳ ಒತ್ತಡವಿದ್ದವರು, 20 ಕಳೆದ ಮೊದಲ ರಜಾದಿನವನ್ನಾದರೂ ಇದಕ್ಕೆ ಮೀಸಲಿಡಬೇಕು. 2017ರಲ್ಲಿ ನಷ್ಟ ಅನುಭವಿಸಿದವರಿಗೆ 59 ದಿನಗಳ ಅವಕಾಶವಿತ್ತು.

ಕೈಗೊಳ್ಳಬೇಕಾದ ಕ್ರಮಗಳು

1. ಅಂಗಡಿಯ ಪ್ರತಿ ಗಣಕ ಹಾಗೂ ಫೋನಿನ ಆವೃತ್ತಿಯನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದೇ ಮುಗಿದಿದೆ.

2. ವಿಂಡೋಸ್ 10 ಇರುವ ಯಂತ್ರ ವಿಂಡೋಸ್ 11ಕ್ಕೆ ಹೊಂದುವುದೇ ಎಂದು ಪರೀಕ್ಷಿಸಬೇಕು. ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಇಲ್ಲದ ಹಳೆಯ ಯಂತ್ರಗಳು ಹೊಂದುವುದಿಲ್ಲ. ಹಣ ನೀಡಿ ಪಡೆಯುವ ವಿಸ್ತರಿತ ಪರಿಷ್ಕರಣೆ ತಾತ್ಕಾಲಿಕ ಆಸರೆಯಷ್ಟೇ.

3. ಬದಲಾಯಿಸಲಾಗದ ಹಳೆಯ ಯಂತ್ರವನ್ನು ಅಂತರಜಾಲದಿಂದ ಬೇರ್ಪಡಿಸಿ, ಬ್ಯಾಂಕ್ ಹಾಗೂ ತೆರಿಗೆ ಕೆಲಸವನ್ನು ಬೇರೆ ಯಂತ್ರದಲ್ಲಿ ಮಾಡಬೇಕು.

4. ಲೆಕ್ಕದ ಪ್ರತಿಯನ್ನು ವಾರಕ್ಕೊಮ್ಮೆಯಾದರೂ ಹೊರಗಿನ ಡಿಸ್ಕ್‌ನಲ್ಲಿ ತೆಗೆದು, ಡಿಸ್ಕನ್ನು ಕಳಚಿ ಬೇರೆಡೆ ಇಡಬೇಕು. ಗಣಕಕ್ಕೆ ಸಿಕ್ಕಿಸಿಯೇ ಬಿಟ್ಟ ಡಿಸ್ಕ್ ಗಣಕದೊಡನೆಯೇ ಬೀಗಕ್ಕೆ ಒಳಗಾಗುತ್ತದೆ.

5. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆಯದ ಪ್ರತಿ ಪ್ರತಿಯೇ ಅಲ್ಲ.

6. ಹಣ ಹೋದರೆ ತಡಮಾಡದೆ 1930 ಸಹಾಯವಾಣಿಗೂ ಬ್ಯಾಂಕಿಗೂ ತಿಳಿಸಬೇಕು.

ಹಿರಿಯರು ಖಾತೆ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ತಿಜೋರಿಯಲ್ಲಿಡುತ್ತಿದ್ದುದು ಪೂಜ್ಯಭಾವದಿಂದ ಮಾತ್ರವಲ್ಲ, ಇಲಿ, ಗೆದ್ದಲು, ಬೆಂಕಿಗಳ ಭಯವೂ ಅವರಿಗಿತ್ತು. ಪುಸ್ತಕದ ರೂಪ ಬದಲಾದರೂ ಆ ಎಚ್ಚರಿಕೆ ಬದಲಾಗಬೇಕಿಲ್ಲ. ಮುಂದಿನ ದೀಪಾವಳಿಯ ಪೂಜೆಗೆ ಮುನ್ನ ಒಂದು ಮಧ್ಯಾಹ್ನವನ್ನು ಈ ಆರು ಕ್ರಮಗಳಿಗೆ ನೀಡಿದರೆ, ವರ್ಷವಿಡೀ ದುಡಿದ ಲೆಕ್ಕ ವರ್ತಕರ ಕೈಯಲ್ಲೇ ಉಳಿಯುತ್ತದೆ.