ನೂರು ಗ್ರಾಂ ಹುಳಿ

ಜಯನಗರದ ಒಂದು 30x40 ಸೈಟಿನ ಮೇಲೆ ವರ್ಷಕ್ಕೆ ಎಷ್ಟು ನೀರು ಸುರಿಯುತ್ತದೆ? ಬೆಂಗಳೂರಿನ ವಾಡಿಕೆ ಮಳೆ ಸುಮಾರು 970 ಮಿಲಿಮೀಟರ್. ಲೆಕ್ಕ ಹಾಕಿದರೆ 1 ಲಕ್ಷ 8 ಸಾವಿರ ಲೀಟರ್. ಬೇಸಿಗೆಯಲ್ಲಿ ಬಿಟಿಎಂ ಲೇಔಟಿನವರು ದಾರಿ ಕಾಯುವ 6,000 ಲೀಟರಿನ ಟ್ಯಾಂಕರ್ 18 ಸಲ ಬಂದು ಸುರಿದು ಹೋದಂತೆ!

ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕರಗುವುದರಿಂದ ಶುದ್ಧ ಮಳೆಯೂ ತುಸು ಹುಳಿಯೇ. ಅದರ ಪಿಎಚ್ 5.6ರ ಆಸುಪಾಸು. 4.6ಕ್ಕೆ ಇಳಿದರೆ ಆಮ್ಲತೆ ಹತ್ತು ಪಟ್ಟು, 3.6ಕ್ಕೆ ಇಳಿದರೆ ನೂರು ಪಟ್ಟು. ಹಾಗೆ ಇಳಿಸುವುದು ಕಲ್ಲಿದ್ದಲು ಉರಿದಾಗ ಬರುವ ಗಂಧಕದ ಡೈಆಕ್ಸೈಡ್, ವಾಹನಗಳು ಉಗುಳುವ ನೈಟ್ರೋಜನ್ ಆಕ್ಸೈಡ್. ಈ ಊರಿನ ವಾಹನಗಳ ಸಂಖ್ಯೆ 1 ಕೋಟಿ ದಾಟಿದೆ.

ಈಗ ಬನಶಂಕರಿ ದಾಟಿ ಕನಕಪುರದ ಕಡೆಗೆ, ಕೆಂಪು ಮಣ್ಣಿನ ಒಂದು ಎಕರೆ ರಾಗಿ ಹೊಲಕ್ಕೆ ಬನ್ನಿ. ಅಲ್ಲೂ ಇಷ್ಟೇ ಮಳೆ ಬಿತ್ತೆನ್ನಿ, ಪಿಎಚ್ 4.6 ಎಂದಿಟ್ಟುಕೊಳ್ಳಿ. ಬಿದ್ದ ನೀರು 39 ಲಕ್ಷ ಲೀಟರ್. ಅಷ್ಟೂ ನೀರಿನಲ್ಲಿರುವ ಹೈಡ್ರೋಜನ್ ಅಯಾನುಗಳನ್ನು ಒಟ್ಟುಗೂಡಿಸಿ ತೂಗಿದರೆ 100 ಗ್ರಾಂ ಕೂಡ ತೂಗುವುದಿಲ್ಲ. ಆದರೆ ಮಣ್ಣಿನ ಕಣಕ್ಕೆ ಅಂಟಿಕೊಂಡ ಒಂದು ಕ್ಯಾಲ್ಸಿಯಂ ಅಯಾನನ್ನು ಕಿತ್ತೆಬ್ಬಿಸಲು ಎರಡು ಹೈಡ್ರೋಜನ್ ಸಾಕು. ಕ್ಯಾಲ್ಸಿಯಂ ತೂಕದಲ್ಲಿ ಹೈಡ್ರೋಜನ್‌ನ 40 ಪಟ್ಟು. ಒಂದೂ ಗುರಿ ತಪ್ಪದಿದ್ದರೆ ಆ 100 ಗ್ರಾಂ ಹುಳಿ ಸುಮಾರು 2 ಕೆಜಿ ಕ್ಯಾಲ್ಸಿಯಂ ಸಡಿಲಿಸಿ ನೀರಿನ ಪಾಲು ಮಾಡಬಲ್ಲದು.

2 ಕೆಜಿ ಏನು ಮಹಾ ಎನ್ನಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ 10ರ ಹತ್ತಿರ. ಎಕರೆಗೆ 10 ಕ್ವಿಂಟಲ್ ರಾಗಿ ಬೆಳೆದರೆ ಕಾಳಿನಲ್ಲಿ ಸೇರುವ ಕ್ಯಾಲ್ಸಿಯಂ ಒಟ್ಟು ಮೂರೂವರೆ ಕೆಜಿಗಿಂತ ಕಡಿಮೆ. ನಮ್ಮ ಮಕ್ಕಳ ಮೂಳೆಗೆ ಮುದ್ದೆ, ಅಂಬಲಿಯಾಗಿ ಹೋಗಬೇಕಾದದ್ದರ ಅರ್ಧಕ್ಕೂ ಮಿಗಿಲಾದಷ್ಟು ಒಂದೇ ವರ್ಷದಲ್ಲಿ ಮಣ್ಣಿನಿಂದ ಜಾರಬಹುದು. ಮಣ್ಣು ಇನ್ನೂ ಹುಳಿಯಾದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಕುಂಠಿತಗೊಳಿಸುತ್ತದೆ; ಉಳಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎದುರಿಗಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಅವರೆಯ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳೂ ಸೊರಗುತ್ತವೆ.

ನಮ್ಮ ದೇಶದ ಬಹಳಷ್ಟು ಕಡೆ ಮಳೆಯನ್ನು ಹುಳಿಯಾಗದಂತೆ ಕಾದಿರುವುದು ಧೂಳು. ಅದರಲ್ಲಿನ ಸುಣ್ಣದ ಅಂಶ ಆಮ್ಲವನ್ನು ಗಾಳಿಯಲ್ಲೇ ಮಣಿಸುತ್ತದೆ. ಧೂಳು ತಗ್ಗಲೇಬೇಕು, ನಮ್ಮ ಶ್ವಾಸಕೋಶ ಅದನ್ನು ತಾಳದು. ಆದರೆ ಹೊಗೆಯನ್ನು ಹಾಗೇ ಬಿಟ್ಟು ಧೂಳನ್ನಷ್ಟೇ ತಗ್ಗಿಸಿದರೆ ಹುಳಿಯೆಲ್ಲ ನೇರ ಹೊಲಕ್ಕಿಳಿಯುತ್ತದೆ. ಆಗ ರೈತ ಆ ಮಳೆಯ ಹುಳಿ ಮುರಿಯಲು ವರ್ಷಕ್ಕೆ ಎಕರೆಗೆ ಚೆಲ್ಲಬೇಕಾದ ಸುಣ್ಣಕಲ್ಲಿನ ಪುಡಿ, ಇದೇ ಲೆಕ್ಕದಲ್ಲಿ, ಸುಮಾರು 5 ಕೆಜಿ.