ಸಂದರ್ಶನದ ಉಡುಪು: ಮೈತುಂಬಿದ ಮಹಿಳೆಯರ ಅಗತ್ಯ ಮತ್ತು ನಮ್ಮ ವಸ್ತ್ರ ವ್ಯಾಪಾರ

ಪ್ರತಿ ವರ್ಷ ಮಾರ್ಚ್ 31ರ ದಾಸ್ತಾನು ಪಟ್ಟಿಯನ್ನು ಪರಿಶೀಲಿಸುವುದು ಲೆಕ್ಕಪರಿಶೋಧಕನಾದ ನನ್ನ ವೃತ್ತಿಯ ಒಂದು ಭಾಗ. ವಸ್ತ್ರದಂಗಡಿಗಳಲ್ಲಿ ಮಹಿಳೆಯರ ಸಿದ್ಧ ಉಡುಪುಗಳ ಕಪಾಟು ತೆರೆದಾಗ ಒಂದು ಸಂಗತಿ ಮರಳಿ ಮರಳಿ ನನ್ನ ಗಮನಕ್ಕೆ ಬಂದಿದೆ. ಮಾರಾಟವಾಗದೆ ಉಳಿದ ಮಾಲಿನಲ್ಲಿ ಎಸ್ ಮತ್ತು ಎಂ ಅಳತೆಗಳೇ ಅಧಿಕ. ಡಬಲ್ ಎಕ್ಸೆಲ್ ಒಂದೂ ಇರುವುದಿಲ್ಲ. ಆದರೂ ಮಾಲೀಕರು ಹೇಳುವುದು, "ದೊಡ್ಡ ಸೈಜ್ ಹೋಗೂದಿಲ್ರೀ ಸಾಹೇಬ್ರ" ಎಂದೇ. ಇಲ್ಲದ ಮಾಲು ಹೋಗುವುದಾದರೂ ಹೇಗೆ? ಈ ಪ್ರಶ್ನೆಯನ್ನು ನಾನೂ ಬಹುಕಾಲ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ಒಂದು ಸಂದರ್ಶನ.

ಒಂದು ಸಂದರ್ಶನದ ಪಾಠ

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದ ಹುದ್ದೆಗೆ ನಡೆದ ಸಂದರ್ಶನ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಬಿ.ಕಾಂ. ಪದವೀಧರೆಯಾದ, ತುಂಬಿದ ಮೈಕಟ್ಟಿನ ತರುಣಿಯೊಬ್ಬಳು ಬಂದಳು. ಬ್ಯಾಂಕ್ ತಾಳೆಪಟ್ಟಿಯ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಳು. ಆದರೆ ಮಾತನಾಡುವಾಗಲೆಲ್ಲ ಆಕೆಯ ಕೈ ಕುರ್ತಾದ ಅಂಚನ್ನು ಕೆಳಗೆ ಎಳೆಯುತ್ತಿತ್ತು, ದುಪಟ್ಟಾ ಸರಿಪಡಿಸುತ್ತಿತ್ತು. ನಮ್ಮ ಟಿಪ್ಪಣಿಯಲ್ಲಿ "ಆತ್ಮವಿಶ್ವಾಸದ ಕೊರತೆ" ಎಂದು ದಾಖಲಾಯಿತು. ಆ ಹಾಳೆಗೆ ನಾನೂ ಸಹಿ ಹಾಕಿದೆ. ಹುದ್ದೆ ಬೇರೆಯವರಿಗೆ ಹೋಯಿತು.

ಮರುವರ್ಷ ತಂದೆಯ ಆದಾಯ ತೆರಿಗೆ ವಿವರಪಟ್ಟಿಯ ಕೆಲಸಕ್ಕೆ ನನ್ನ ಕಚೇರಿಗೆ ಬಂದಾಗ ಆಕೆಯೇ ನಡೆದದ್ದನ್ನು ಹೇಳಿದಳು. "ಮೂರು ಅಂಗಡಿ ತಿರುಗಿದೆ ಸರ್. ಒಂದರಾಗ ಎಲ್ಲಾರೂ ಕೇಳೂಹಂಗ 'ನಿಮ್ಮ ಸೈಜ್ ಇಲ್ರೀ' ಅಂದ್ರು. ಕಡೀಕ ಗೆಳತೀದ ಡ್ರೆಸ್ ಹಾಕ್ಕೊಂಡ ಬಂದಿದ್ದೆ." ಕೊರತೆ ಇದ್ದುದು ಆತ್ಮವಿಶ್ವಾಸದಲ್ಲಲ್ಲ, ಅಂಗಡಿಯ ಕಪಾಟಿನಲ್ಲಿ ಎಂಬುದು ನನಗೆ ಅಂದು ಮನವರಿಕೆಯಾಯಿತು.

ಅಳತೆಯಲ್ಲಿನ ದೋಷ

ಸಿದ್ಧ ಉಡುಪು ತಯಾರಿಸುವಾಗ ಸಾಮಾನ್ಯವಾಗಿ ಒಂದು ಮೂಲ ಅಳತೆಯನ್ನು ನಿಗದಿತ ಪ್ರಮಾಣದಲ್ಲಿ ಹಿಗ್ಗಿಸಲಾಗುತ್ತದೆ. ಎದೆ ಮತ್ತು ಸೊಂಟ ತುಂಬಿಕೊಂಡಿರುವ ಮಹಿಳೆಯ ಭುಜ ಮಾತ್ರ ಸಾಧಾರಣ ಅಗಲದ್ದೇ ಇರಬಹುದು. ಆಕೆ ದೊಡ್ಡ ಅಳತೆ ತೊಟ್ಟರೆ ಭುಜ ಜಾರುತ್ತದೆ, ಚಿಕ್ಕದು ತೊಟ್ಟರೆ ಎದೆಯ ಬಳಿ ಗುಂಡಿ ಬಾಯಿ ಬಿಡುತ್ತದೆ. ಭಾರತೀಯರ ಮೈಕಟ್ಟಿಗೆ ಹೊಂದುವ ಅಳತೆಗಳನ್ನು ನಿಗದಿಪಡಿಸಲೆಂದೇ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು (ನಿಫ್ಟ್) 25,000 ಜನರ ಅಳತೆ ಪಡೆಯುವ ಗುರಿಯೊಂದಿಗೆ 'ಇಂಡಿಯಾಸೈಜ್' ಸಮೀಕ್ಷೆಯನ್ನು ಕೈಗೊಂಡಿತು. ದೋಷ ಇರುವುದು ಚೀಟಿಯ ಮೇಲಿನ ಅಳತೆಯಲ್ಲೇ ಹೊರತು ತೊಡುವವರ ಮೈಯಲ್ಲಲ್ಲ.

ಎಂತಹ ಉಡುಪು ಒಪ್ಪುತ್ತದೆ?

ಅನುಭವಿ ಟೇಲರ್‌ಗಳೊಂದಿಗೆ ಚರ್ಚಿಸಿ ತಿಳಿದುಕೊಂಡ ಅಂಶಗಳನ್ನು, ಗಿರಾಕಿಗೆ ಸಲಹೆ ನೀಡಲು ಅನುಕೂಲವಾಗುವಂತೆ ಇಲ್ಲಿ ಕೊಟ್ಟಿದ್ದೇನೆ.

1. ಕುರ್ತಾ: ಮೊಣಕಾಲಿನವರೆಗೆ ಅಥವಾ ತುಸು ಕೆಳಗಿನವರೆಗೆ ಉದ್ದ, ಮುಕ್ಕಾಲು ತೋಳು, ಹೆಚ್ಚು ಆಳವಿಲ್ಲದ 'ವಿ' ಕುತ್ತಿಗೆ ಇರಲಿ. ಭುಜದಿಂದ ಕೆಳಗಿನವರೆಗೆ ಉದ್ದುದ್ದ ಹೊಲಿಗೆ ಬರುವ ಪ್ರಿನ್ಸೆಸ್ ಕಟ್ ಮೈಕಟ್ಟಿಗೆ ಹೊಂದಿಕೊಳ್ಳುತ್ತದೆ. ಎದೆಯ ಸುತ್ತಳತೆಗಿಂತ ಬಟ್ಟೆ ಮೂರರಿಂದ ನಾಲ್ಕು ಇಂಚು ಸಡಿಲವಿದ್ದರೆ ಸಾಕು. ಮೈ ಮರೆಸಲೆಂದು ಜೋಲುವ ಉಡುಪು ತೊಟ್ಟರೆ ಗಾತ್ರ ಇನ್ನಷ್ಟು ಎದ್ದು ಕಾಣುತ್ತದೆ.

2. ಬಟ್ಟೆ: ಹೊಳೆಯುವ ಸ್ಯಾಟಿನ್ ಹಾಗೂ ಮೈಗಂಟುವ ಲೈಕ್ರಾ ಬೇಡ. ಉಗಾರದಿಂದ ಬೆಳಗಾವಿಗೋ ಮೀರಜಕ್ಕೋ ರೈಲಿನಲ್ಲಿ ಹೋಗಿ ಸಂದರ್ಶನ ಎದುರಿಸುವವರಿಗೆ ಬೇಗ ಸುಕ್ಕಾಗದ, ಬೆವರು ತಡೆಯುವ ಹತ್ತಿ ಮಿಶ್ರಿತ ಬಟ್ಟೆ ಉತ್ತಮ. ತೆಳುವಾಗಿದ್ದರೆ ಅಸ್ತರ್ ಹಾಕಿಸಬೇಕು.

3. ಬಣ್ಣ: ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣ ಅಥವಾ ಅದರ ಸಮೀಪದ ಛಾಯೆ ಇದ್ದರೆ ಎತ್ತರ ಕಾಣುತ್ತದೆ. ಕಪ್ಪೇ ಆಗಬೇಕೆಂದಿಲ್ಲ, ಕಡು ನೀಲಿ, ಬೂದು, ಕಡುಹಸಿರು, ಕಂದುಗೆಂಪು ಕೂಡ ಗಂಭೀರ ಬಣ್ಣಗಳೇ.

4. ಸೀರೆ: ತುಂಬ ಗಂಜಿ ಹಾಕಿದ ಹತ್ತಿ ಸೀರೆ ಸೊಂಟದ ಸುತ್ತ ಉಬ್ಬುತ್ತದೆ. ಮೃದುವಾಗಿ ಇಳಿಬೀಳುವ, ಸಣ್ಣ ಅಂಚಿನ ಸೀರೆ ಲೇಸು. ಆದರೆ ಸೀರೆಗಿಂತ ಮುಖ್ಯವಾದುದು ಜಂಪರ್. ಹಳೆಯ ಜಂಪರಿನ ಅಳತೆ ಕೊಡದೆ ಹೊಸದಾಗಿಯೇ ಅಳತೆ ಕೊಡಬೇಕು. ಒಳಗೆ ಒಂದು ಇಂಚು ಮಾರ್ಜಿನ್ ಬಿಡಿಸಬೇಕು.

5. ಕೋಟು: ಗುಂಡಿ ಹಾಕಿದಾಗ ಅಡ್ಡ ಸುಕ್ಕು ಬೀಳಬಾರದು. ಒಂದೇ ಗುಂಡಿಯ, ಸೊಂಟ ದಾಟುವಷ್ಟು ಉದ್ದದ ಕೋಟು ಸಾಕು.

ಸಿದ್ಧ ಉಡುಪು ಕೊಳ್ಳುವಾಗ ಮೈಯ ಅತ್ಯಂತ ತುಂಬಿದ ಭಾಗಕ್ಕೆ ಹೊಂದುವ ಅಳತೆಯನ್ನೇ ಆರಿಸಿ, ಉಳಿದ ಕಡೆ ಹಿಡಿಸಬೇಕು. ಸೊಂಟದ ಪಕ್ಕದ ಹೊಲಿಗೆ ಹಿಡಿಯುವುದು ಸುಲಭ. ಭುಜ ಕಿರಿದಾಗಿಸಲು ತೋಳನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಗುವುದರಿಂದ ಖರ್ಚು ಹೆಚ್ಚು. ಮಾರ್ಜಿನ್ ಇಲ್ಲದ ಬಟ್ಟೆಯನ್ನು ಬಿಡಿಸಲು ಮಾತ್ರ ಯಾವ ಟೇಲರ್‌ಗೂ ಸಾಧ್ಯವಿಲ್ಲ. ಕೊನೆಯದಾಗಿ, ಅಂಗಡಿಯಲ್ಲೇ ಕುರ್ಚಿಯ ಮೇಲೆ ಕುಳಿತು, ಕೈ ಚಾಚಿ ಫೈಲು ಕೊಟ್ಟು ನೋಡಲಿ. ಕುಳಿತಾಗ ಎಳೆದುಕೊಳ್ಳಬೇಕಾದ ಉಡುಪು ಸಂದರ್ಶನಕ್ಕೆ ಯೋಗ್ಯವಲ್ಲ.

ತೆರಿಗೆಯ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ನಗವೊಂದಕ್ಕೆ 2,500 ರೂ. ಮೀರದ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 5, ಮೀರಿದರೆ ಶೇ. 18. ಅದಕ್ಕೂ ಮುನ್ನ 1,000 ರೂ. ಮೀರಿದೊಡನೆ ಶೇ. 12 ಇತ್ತು. ಆದ್ದರಿಂದ 1,200 ರೂ. ಬೆಲೆಯ ಕುರ್ತಾಕ್ಕೆ ಮೊದಲು 144 ರೂ. ಇದ್ದ ತೆರಿಗೆ ಈಗ 60 ರೂ. ಆಗಿದೆ. ಉಳಿದ 84 ರೂ. ಗಿರಾಕಿಗೆ ಅಲ್ಟರ್ ಮಾಡಿಸಲು ಒದಗುತ್ತದೆ. ಕೋಟಿನ ವಿಷಯದಲ್ಲಿ ಎಚ್ಚರ ಅಗತ್ಯ. 2,500 ರೂ.ಗೆ ಮಾರಿದರೆ ತೆರಿಗೆ 125 ರೂ., 2,600 ರೂ.ಗೆ ಮಾರಿದರೆ 468 ರೂ. ಮಾರಾಟದ ವೇಳೆ ಕೊಟ್ಟು ಬಿಲ್ಲಿನಲ್ಲಿ ನಮೂದಿಸಿದ ರಿಯಾಯಿತಿಯನ್ನು ಕಳೆದ ನಂತರದ ಮೌಲ್ಯವೇ ಇಲ್ಲಿ ಪರಿಗಣನೆಗೆ ಬರುತ್ತದೆ. ಇನ್ನು ಹೊಲಿಯದ ಡ್ರೆಸ್ ಪೀಸ್, ಬರಿದೇ ಕತ್ತರಿಸಿ ಪೊಟ್ಟಣ ಕಟ್ಟಿದ ಮಾತ್ರಕ್ಕೆ, ಸಿದ್ಧ ಉಡುಪಾಗುವುದಿಲ್ಲ. ಅದು ಬಟ್ಟೆಯೇ ಎಂದು 2017ರ ಅಕ್ಟೋಬರ್‌ನ ಸುತ್ತೋಲೆ ಸ್ಪಷ್ಟಪಡಿಸಿದೆ.

ವ್ಯಾಪಾರಿಗಳು ಮಾಡಬಹುದಾದುದು

ಬಂಡವಾಳ ಸಿಕ್ಕಿಬೀಳುವ ಭಯ ಸಹಜವಾದುದೇ. ಆದರೆ ಸಗಟು ವ್ಯಾಪಾರಿ ಪ್ರತಿ ಅಳತೆಗೆ ಒಂದರಂತೆ ಕಟ್ಟಿಕೊಟ್ಟ ಸೆಟ್ಟನ್ನೇ ತಂದಿಟ್ಟರೆ, ದೊಡ್ಡದು ಮೊದಲ ವಾರದಲ್ಲೇ ಹೋಗಿ ಚಿಕ್ಕವು ವರ್ಷವಿಡೀ ಉಳಿಯುವ ಸಂಭವವಿದೆ. ದಾಸ್ತಾನು ಪುಸ್ತಕದಲ್ಲಿ ಅಳತೆಗೆ ಒಂದು ಅಂಕಣ ಹಾಕಿರಿ. ಗಲ್ಲಾದ ಬಳಿ ಒಂದು ನೋಟ್‌ಬುಕ್ ಇಟ್ಟು "ಕೇಳಿದರು, ಇರಲಿಲ್ಲ" ಎಂಬುದನ್ನು ಆರು ತಿಂಗಳು ಬರೆದಿಡಿರಿ. ಬರಿಗೈಯಲ್ಲಿ ಹೋದ ಗಿರಾಕಿಯ ಲೆಕ್ಕ ಯಾವ ಜಮಾ-ಖರ್ಚಿನಲ್ಲೂ ಸಿಗದು; ಅದು ಸಾಂಗ್ಲಿಯ ಅಂಗಡಿಯ ಲಾಭದಲ್ಲಿ ಸೇರಿರುತ್ತದೆ. ಹತ್ತಿರದ ಒಬ್ಬ ಟೇಲರ್‌ನೊಂದಿಗೆ ಅಲ್ಟರ್ ಕೆಲಸಕ್ಕೆ ಒಪ್ಪಂದ ಮಾಡಿಕೊಳ್ಳಿರಿ. ಉಡುಪು ತಯಾರಿಸುವ ಬಾಂಧವರು ಪಕ್ಕದ ಹೊಲಿಗೆಯಲ್ಲಿ ಒಂದು ಇಂಚು ಮಾರ್ಜಿನ್ ಬಿಟ್ಟರೆ ಒಂದೇ ಉಡುಪು ಹಲವರಿಗೆ ಒದಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, "ನಿಮ್ಮ ಸೈಜ್ ಇಲ್ಲ" ಎಂಬ ಮಾತಿನ ಬದಲು "ಎರಡು ದಿನ ಕೊಡ್ರಿ, ತರಿಸಿಕೊಡ್ತೀವಿ" ಎನ್ನಲು ಕೆಲಸಗಾರರಿಗೆ ಕಲಿಸಿರಿ.

ಸಂದರ್ಶನಕ್ಕೆ ಕರೆದು ಕೂರಿಸುವ ಉದ್ಯೋಗದಾತರೂ ನಮ್ಮ ನಿಮ್ಮಂತಹವರೇ. ಮುಂದಿನ ಬಾರಿ ಅಭ್ಯರ್ಥಿಯೊಬ್ಬಳು ಉಡುಪನ್ನು ಎಳೆದುಕೊಳ್ಳುವುದನ್ನು ಕಂಡಾಗ ಪೆನ್ನು ಕೆಳಗಿಟ್ಟು ಆಕೆಯ ಉತ್ತರಕ್ಕೆ ಕಿವಿಗೊಡೋಣ. ನಾನು ಅಂದು ಹಾಗೆ ಮಾಡಲಿಲ್ಲ. ಆ ತರುಣಿ ಆಮೇಲೆ ಬಟ್ಟೆ ಕೊಂಡು, ಅಳತೆ ಕೊಟ್ಟು ಹೊಲಿಸಿಕೊಂಡು ಬೇರೊಂದು ಸಂದರ್ಶನಕ್ಕೆ ಹೋದಳು. ಇಂದು ಒಂದು ಕಚೇರಿಯ ಲೆಕ್ಕಪತ್ರಗಳನ್ನು ಆಕೆಯೇ ನೋಡಿಕೊಳ್ಳುತ್ತಿದ್ದಾಳೆ. ಬಟ್ಟೆಯನ್ನು ಮಾತ್ರ ಆಕೆ ಕೊಂಡದ್ದು ನಮ್ಮ ಊರಿನಲ್ಲಲ್ಲ.